ಒಂದು ದೇಶ ಐಎಲ್‌ಒ ಸೇರಿದರೆ ನಿಜಕ್ಕೂ ಏನು ಬದಲಾಗುತ್ತದೆ? ನಮ್ಮ ಕಡೆಯ ಕಾರ್ಮಿಕರಿಗೆ ಅದರಿಂದ ಏನು ಸಿಕ್ಕಿದೆ?

ಸಂಡೂರು ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಂತರರಾಷ್ಟ್ರೀಯ ಸಂಸ್ಥೆಗಳ ಪಾಠ ಓದುವಾಗ ಒಂದು ಸಾಲು ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಟೋಂಗಾ ಅನ್ನುವ ಪುಟ್ಟ ದ್ವೀಪ ದೇಶ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ ಸೇರಿ 187ನೇ ಸದಸ್ಯ ಆಯಿತು ಅಂತ. ಪುಸ್ತಕದಲ್ಲಿ ಅಷ್ಟೇ ಇದೆ. ಸೇರುವುದು ಅಂದರೆ ಏನು ಮಾಡಬೇಕು, ಸೇರಿದ ಮೇಲೆ ಆ ದೇಶಕ್ಕೆ ಏನು ಕಟ್ಟುಪಾಡು, ಅಲ್ಲಿ ಕೂಲಿ ಮಾಡುವವನಿಗೆ ಮಾರನೇ ದಿನ ಏನಾದರೂ ಫರಕು ಕಾಣುತ್ತದಾ, ಇದ್ಯಾವುದೂ ಇಲ್ಲ.

ಇನ್ನೊಂದು ವಿಷಯ. ಭಾರತ 1919ರಿಂದಲೇ ಸದಸ್ಯ ಅಂತೆ. ಆಗ ನಮಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ, ಬ್ರಿಟಿಷರ ಕೈಕೆಳಗಿದ್ದ ದೇಶ ಹೇಗೆ ಸದಸ್ಯ ಆಯಿತು?

ಇದನ್ನೆಲ್ಲ ಊರಿಗೆ ಹೋದಾಗ ಅಪ್ಪನ ಹತ್ತಿರ ಹೇಳಿದೆ. ಅಪ್ಪ ಅದಿರು ಲೋಡಿಂಗ್ ಮಾಡುತ್ತಿದ್ದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹೋಯಿತು. ಅವರ ಹೆಸರು ಎಲ್ಲೂ ದಾಖಲೆಯಲ್ಲಿ ಇರಲಿಲ್ಲ, ಹಾಗಾಗಿ ಬಾಕಿ ಕೇಳೋಕೂ ಆಗಲಿಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನೂರು ವರ್ಷದಿಂದ ಮೆಂಬರ್ ಇದ್ದರೆ, ನನಗೆ ಕೆಲಸಕ್ಕೆ ಸೇರಿಸಿಕೊಂಡೀವಿ ಅನ್ನೋ ಒಂದು ಚೀಟಿ ಯಾಕೆ ಕೊಡಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪರೀಕ್ಷೆಗಿಂತ ಜಾಸ್ತಿ ಈ ಉತ್ತರಕ್ಕಾಗಿಯೇ ಕೇಳುತ್ತಿದ್ದೇನೆ. ತಿಳಿದವರು ಬಿಡಿಸಿ ಹೇಳಿ.


ರಾಯಚೂರು ವಕೀಲ:

ಒಳ್ಳೆಯ ಪ್ರಶ್ನೆ ತಮ್ಮಾ. ನಾನು ಕಾರ್ಮಿಕ ಕೋರ್ಟಿನ ಕೇಸು ನಡೆಸುವವನು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಸೇರುವ ಕ್ರಮ ಬಹಳ ಸರಳ. ವಿಶ್ವಸಂಸ್ಥೆಯಲ್ಲಿ ಈಗಾಗಲೇ ಸದಸ್ಯ ಆಗಿರುವ ದೇಶವಾದರೆ ಒಂದು ಪತ್ರ ಸಾಕು. "ಐಎಲ್‌ಒ ಸಂವಿಧಾನದ ಕಟ್ಟುಪಾಡುಗಳನ್ನು ನಾವು ಒಪ್ಪಿದ್ದೇವೆ" ಅಂತ ಜಿನೀವಾದಲ್ಲಿರುವ ಮಹಾನಿರ್ದೇಶಕರಿಗೆ ಸರ್ಕಾರ ಬರೆದು ಕೊಡಬೇಕು. ಮತದಾನ ಗಿತದಾನ ಏನೂ ಇಲ್ಲ. ಟೋಂಗಾ ಸೇರಿದ್ದು ಹೀಗೆ, 2016ರ ಫೆಬ್ರವರಿ 24ರಂದು. ಆದರೆ ವಿಶ್ವಸಂಸ್ಥೆಯ ಸದಸ್ಯ ಅಲ್ಲದ ದೇಶಕ್ಕೆ ದಾರಿ ಬೇರೆ. ಪ್ರತಿ ವರ್ಷ ಜೂನ್ ಹೊತ್ತಿಗೆ ನಡೆಯುವ ಕಾರ್ಮಿಕ ಸಮ್ಮೇಳನದಲ್ಲಿ ಮೂರನೇ ಎರಡು ಭಾಗ ಮತ ಬೀಳಬೇಕು, ಅದರಲ್ಲೂ ಸರ್ಕಾರಗಳ ಪ್ರತಿನಿಧಿಗಳ ಮತ ಬೇರೆಯಾಗಿ ಎಣಿಸಿದಾಗಲೂ ಮೂರನೇ ಎರಡು ಭಾಗ ಇರಬೇಕು. ಟೋಂಗಾಗಿಂತ ಹಿಂದಿನ ವರ್ಷ, 2015ರ ಜೂನ್‌ನಲ್ಲಿ, ಕುಕ್ ದ್ವೀಪಗಳು ಹಾಗೆ ಮತದ ಮೂಲಕ 186ನೇ ಸದಸ್ಯ ಆದವು. ನಮ್ಮ ನೆರೆಯ ಭೂತಾನ್ ವಿಶ್ವಸಂಸ್ಥೆಯಲ್ಲಿದೆ, ಆದರೆ ಐಎಲ್‌ಒ ಸೇರಿಲ್ಲ. ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ, ಸೇರುವುದು ಆಯಾ ದೇಶದ ತೀರ್ಮಾನ.

ಈಗ ಮುಖ್ಯ ಮಾತು. ಸದಸ್ಯ ಆಗುವುದು ಬೇರೆ, ಒಡಂಬಡಿಕೆ ಒಪ್ಪುವುದು ಬೇರೆ. ಇದನ್ನು ಪರೀಕ್ಷೆಗೆ ಓದುವವರು ಮಾತ್ರ ಅಲ್ಲ, ಯೂನಿಯನ್ ನಡೆಸುವವರೂ ಕಲಸಿಕೊಳ್ಳುತ್ತಾರೆ. ಹಳ್ಳಿಯ ಸೊಸೈಟಿಯಲ್ಲಿ ಷೇರು ಕಟ್ಟಿ ಸದಸ್ಯ ಆಗುತ್ತೀರಲ್ವಾ, ಅಷ್ಟಕ್ಕೇ ಸಾಲದ ಬಾಂಡ್ ನಿಮ್ಮ ತಲೆಗೆ ಬರುವುದಿಲ್ಲ, ಸಾಲ ತೆಗೆದುಕೊಳ್ಳುವಾಗ ಪ್ರತಿ ಸಲ ಬೇರೆ ಸಹಿ ಹಾಕಬೇಕು. ಇಲ್ಲೂ ಹಾಗೆ. ಕೆಲಸದ ಅವಧಿ, ಬಾಲಕಾರ್ಮಿಕ ಪದ್ಧತಿ, ಗಣಿ ಸುರಕ್ಷತೆ ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ಒಡಂಬಡಿಕೆ ಇದೆ. ಪ್ರತಿಯೊಂದನ್ನೂ ದೇಶ ಬೇರೆಬೇರೆಯಾಗಿ ಅನುಮೋದಿಸಬೇಕು. ಅನುಮೋದಿಸಿದ ಮೇಲೆಯೇ ಅದರ ಒಂದೊಂದು ಸಾಲಿಗೂ ದೇಶ ಬದ್ಧ.

ಹಾಗಾದರೆ ಸುಮ್ನೆ ಸೇರಿದ್ದಕ್ಕೆ ಏನೂ ಇಲ್ಲವಾ? ಇದೆ. ವರ್ಷವರ್ಷ ವಂತಿಗೆ ಕಟ್ಟಬೇಕು. ಸಮ್ಮೇಳನ ಹೊಸ ಒಡಂಬಡಿಕೆ ಮಾಡಿದರೆ ಅದನ್ನು ಒಂದು ವರ್ಷದೊಳಗೆ, ತೀರಾ ಆಗದಿದ್ದರೆ ಹದಿನೆಂಟು ತಿಂಗಳೊಳಗೆ, ತನ್ನ ಸಂಸತ್ತಿನ ಮುಂದೆ ಇಡಬೇಕು. ಒಪ್ಪುವುದು ಬಿಡುವುದು ಆಮೇಲಿನ ಮಾತು, ಬಚ್ಚಿಟ್ಟುಕೊಂಡು ಕೂರುವಂತಿಲ್ಲ. ಇನ್ನು 1998ರ ಘೋಷಣೆ. ಸಂಘ ಕಟ್ಟುವ ಹಕ್ಕು, ಜೀತ ಇಲ್ಲದಿರುವುದು, ಬಾಲಕಾರ್ಮಿಕ ಪದ್ಧತಿ ಇಲ್ಲದಿರುವುದು, ಕೆಲಸದಲ್ಲಿ ಭೇದ ಇಲ್ಲದಿರುವುದು, ಇವನ್ನು ಅನುಮೋದಿಸದೇ ಇದ್ದರೂ ಸದಸ್ಯ ಅನ್ನುವ ಒಂದೇ ಕಾರಣಕ್ಕೆ ಗೌರವಿಸಬೇಕು ಅಂತ ಅದು ಹೇಳುತ್ತದೆ. 2022ರಲ್ಲಿ ಸುರಕ್ಷಿತ, ಆರೋಗ್ಯಕರ ಕೆಲಸದ ಜಾಗವನ್ನೂ ಅದೇ ಪಟ್ಟಿಗೆ ಸೇರಿಸಿದರು.

ಟೋಂಗಾದ ಕಥೆ ಇಲ್ಲಿಗೆ ಮುಗಿಯಲಿಲ್ಲ. 2020ರ ಆಗಸ್ಟ್‌ನಲ್ಲಿ ಅದು 182ನೇ ಒಡಂಬಡಿಕೆಯನ್ನು ಅನುಮೋದಿಸಿತು. ಮಕ್ಕಳನ್ನು ಅತ್ಯಂತ ಕೆಟ್ಟ ಕೆಲಸಗಳಿಗೆ ಹಚ್ಚುವುದನ್ನು ನಿಷೇಧಿಸುವ ಒಡಂಬಡಿಕೆ ಅದು. ಉಳಿದ 186 ದೇಶಗಳು ಆಗಲೇ ಸಹಿ ಹಾಕಿದ್ದವು, ಟೋಂಗಾ ಒಂದೇ ಬಾಕಿ ಇತ್ತು. ಹಾಗಾಗಿ ಐಎಲ್‌ಒ ಇತಿಹಾಸದಲ್ಲಿ ಎಲ್ಲ ಸದಸ್ಯ ದೇಶಗಳೂ ಒಪ್ಪಿದ ಮೊದಲ ಒಡಂಬಡಿಕೆ ಅದಾಯಿತು. ಸೇರಿದ ನಾಲ್ಕು ವರ್ಷಕ್ಕೆ ಆ ಪುಟ್ಟ ದೇಶದ ಸಹಿಗೆ ಇಷ್ಟು ತೂಕ ಬಂತು ನೋಡಿ. ನಮ್ಮ ದೇಶ ಅದೇ ಒಡಂಬಡಿಕೆಯನ್ನು ಒಪ್ಪಿದ್ದು 2017ರ ಜೂನ್‌ನಲ್ಲಿ.


ಗಿಣಿಗೇರಾ ಗುತ್ತಿಗೆ:

ವಕೀಲ ಸರ್, ಓದೋಕೆ ಚೆನ್ನಾಗಿದೆ. ಆದರೆ ನನ್ನ ಮಾತೂ ಸ್ವಲ್ಪ ಕೇಳಿ.

ನಾನು ಕೊಪ್ಪಳ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಇದ್ದೆ. ಹೆಸರು ಬೇಡ. ಕುಲುಮೆ ಹತ್ತಿರದ ಕೆಲಸ. ಒಂದೇ ಕೆಲಸ ಮಾಡುವ ಕಾಯಂ ನೌಕರನಿಗೆ ಒಂದು ಪಗಾರ, ನಮಗೆ ಅದರ ಅರ್ಧಕ್ಕಿಂತ ಕಡಿಮೆ. ನಾವು ಕೆಲವರು ಸೇರಿ ಸಂಘ ಮಾಡೋಣ ಅಂತ ಟೀ ಅಂಗಡಿಯಲ್ಲಿ ಮಾತಾಡಿಕೊಂಡೆವು. ಮಾತಾಡಿದ್ದಷ್ಟೇ. ವಾರದೊಳಗೆ ಗುತ್ತಿಗೆದಾರ ಗೇಟ್ ಪಾಸ್ ಕಿತ್ತುಕೊಂಡ. ಕಾರಣ ಕೇಳಿದರೆ "ಕೆಲಸ ಕಡಿಮೆ ಆಗಿದೆ" ಅಂದ. ಮಾರನೇ ದಿನ ನಮ್ಮ ಜಾಗಕ್ಕೆ ಹೊರ ರಾಜ್ಯದ ಹುಡುಗರು ಬಂದಿದ್ದರು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು, ನಮ್ಮವರು ಲಿಂಗಸುಗೂರು, ದೇವದುರ್ಗದಿಂದ ಗುಳೆ ಹೋಗೋ ಹಾಗೆ.

ಸಂಘ ಕಟ್ಟುವ ಹಕ್ಕಿನ 87ನೇ ಒಡಂಬಡಿಕೆ, ಮಾಲೀಕರ ಜೊತೆ ಕೂತು ಮಾತಾಡುವ ಹಕ್ಕಿನ 98ನೇ ಒಡಂಬಡಿಕೆ, ಇವೆರಡನ್ನೂ ಭಾರತ ಇವತ್ತಿಗೂ ಅನುಮೋದಿಸಿಲ್ಲ. ನಮ್ಮ ಯೂನಿಯನ್ ಹಿರಿಯರೊಬ್ಬರು ಹೇಳಿದ್ದು. ಅವು ಬಂದದ್ದು 1948, 1949ರಲ್ಲಿ. ಗಣಿ ಸುರಕ್ಷತೆಯ 176ನೇ ಒಡಂಬಡಿಕೆ 1995ರದ್ದು, ಅದನ್ನೂ ಒಪ್ಪಿಲ್ಲ. ನಮಗೆ ಬೇಕಾದದ್ದು ಇವೇ ಅಲ್ವಾ? ಬೇಕಾದದ್ದನ್ನೇ ಬಿಟ್ಟು ಸದಸ್ಯ ಅಂತ ಕುರ್ಚಿ ಹಾಕಿಕೊಂಡು ಕೂತರೆ ನಮಗೇನು ಬಂತು? ಐಎಲ್‌ಒಗೆ ಪೊಲೀಸ್ ಇಲ್ಲ, ದಂಡ ಹಾಕುವ ಅಧಿಕಾರ ಇಲ್ಲ. ಜಿನೀವಾದಲ್ಲಿ ಕೂತವರಿಗೆ ನಮ್ಮ ಗೇಟ್ ಕಾಣುತ್ತದಾ ಹೇಳಿ.


ಲಿಂಗಸುಗೂರು ಹಿರಿಯ:

ಗಿಣಿಗೇರಾ ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ಆದರೂ ಈ ಕುರ್ಚಿ ಸುಮ್ನೆ ಸಿಕ್ಕಿದ್ದಲ್ಲ. ನಾನು ಭೂಮಿಯೊಳಗೆ ಇಳಿದು ಕೆಲಸ ಮಾಡಿ ರಿಟೈರ್ ಆದವನು, ಯೂನಿಯನ್ ಕೆಲಸವನ್ನೂ ಮಾಡಿದವನು. ಸಂಡೂರು ಹುಡುಗನ 1919ರ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮಹಾಯುದ್ಧ ಮುಗಿದ ಮೇಲೆ ವರ್ಸೇಲ್ಸ್ ಒಪ್ಪಂದ ಆಯಿತು. ಐಎಲ್‌ಒ ಹುಟ್ಟಿದ್ದು ಅದೇ ಒಪ್ಪಂದದ 13ನೇ ಭಾಗದಿಂದ. ಯುದ್ಧಕ್ಕೆ ಭಾರತದಿಂದ ಲಕ್ಷಗಟ್ಟಲೆ ಸೈನಿಕರು ಹೋಗಿದ್ದರು, ಹಾಗಾಗಿ ಒಪ್ಪಂದಕ್ಕೆ ಭಾರತದ ಹೆಸರಲ್ಲೂ ಸಹಿ ಬಿತ್ತು. ಸಹಿ ಹಾಕಿದ್ದು ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್. ಆ ಸಹಿಯಿಂದಲೇ ಭಾರತ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘಕ್ಕೂ ಐಎಲ್‌ಒಗೂ ಸ್ಥಾಪಕ ಸದಸ್ಯ ಆಯಿತು. ನಮ್ಮ ಜನರನ್ನು ಯಾರೂ ಕೇಳಿರಲಿಲ್ಲ, ನಿಜ. ಆದರೆ ಬಾಗಿಲು ತೆರೆದ ಮೇಲೆ ನಮ್ಮವರು ಒಳಗೆ ನುಗ್ಗಿದರು.

ಐಎಲ್‌ಒದಲ್ಲಿ ಬೇರೆ ಎಲ್ಲೂ ಇಲ್ಲದ ಒಂದು ಪದ್ಧತಿ ಇದೆ. ಪ್ರತಿ ದೇಶದಿಂದ ನಾಲ್ಕು ಜನ ಪ್ರತಿನಿಧಿಗಳು. ಇಬ್ಬರು ಸರ್ಕಾರದವರು, ಒಬ್ಬರು ಮಾಲೀಕರ ಕಡೆಯವರು, ಒಬ್ಬರು ಕಾರ್ಮಿಕರ ಕಡೆಯವರು. ಕಾರ್ಮಿಕರ ಪ್ರತಿನಿಧಿ ತನ್ನ ದೇಶದ ಸರ್ಕಾರಕ್ಕೆ ವಿರುದ್ಧವಾಗಿ ಮತ ಹಾಕಬಹುದು, ಭಾಷಣ ಮಾಡಬಹುದು. 1919ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಸಮ್ಮೇಳನ ಆದಾಗ ನಮ್ಮ ಕಾರ್ಮಿಕರ ಪರವಾಗಿ ಹೋದವರು ಎನ್.ಎಂ. ಜೋಶಿ. ಅವರನ್ನು ಆರಿಸಿದ್ದು ಕಾರ್ಮಿಕರಲ್ಲ, ಸರ್ಕಾರ. ಕಾರಣ, ದೇಶಕ್ಕೆಲ್ಲ ಒಂದು ಅಂತ ಸಂಘವೇ ಆಗ ಇರಲಿಲ್ಲ. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಬೇಕು ಅನ್ನುವ ಹಟವೂ ಸೇರಿ 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಎಐಟಿಯುಸಿ ಹುಟ್ಟಿತು. ಲಾಲಾ ಲಜಪತ ರಾಯ್ ಮೊದಲ ಅಧ್ಯಕ್ಷರು. ಜಿನೀವಾದಲ್ಲಿ ಒಂದು ಕುರ್ಚಿ ಇತ್ತು ಅನ್ನುವುದೂ ದೇಶದ ಮೊದಲ ದೊಡ್ಡ ಕಾರ್ಮಿಕ ಒಕ್ಕೂಟ ಹುಟ್ಟೋಕೆ ಒಂದು ಕಾರಣ. ಇದು ಸಣ್ಣ ವಿಷಯ ಅಲ್ಲ. ಅದರ ಮುಂದೆ 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂತು.

ಈಗ ನಮ್ಮ ಊರಿನ ಮಾತು. ವಾಷಿಂಗ್ಟನ್‌ನಲ್ಲಿ ಆದ ಮೊಟ್ಟಮೊದಲ ಒಡಂಬಡಿಕೆ ಕೆಲಸದ ಅವಧಿಯದ್ದು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು. ಆದರೆ ಅದರ 10ನೇ ವಿಧಿಯಲ್ಲಿ ನಮಗೆ ಬೇರೆ ಲೆಕ್ಕ ಬರೆದರು. ಬ್ರಿಟಿಷ್ ಇಂಡಿಯಾದಲ್ಲಿ ವಾರಕ್ಕೆ 60 ತಾಸು, ಅದೂ ಕಾರ್ಖಾನೆ ಕಾಯ್ದೆಗೆ ಒಳಪಟ್ಟ ಕಡೆ, ಗಣಿಗಳಲ್ಲಿ, ರೈಲ್ವೆಯ ಕೆಲವು ಕೆಲಸಗಳಲ್ಲಿ ಮಾತ್ರ. ಬ್ರಿಟಿಷ್ ಇಂಡಿಯಾ ಅನ್ನುವುದನ್ನು ಗಮನಿಸಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಇತ್ತು, ಹಾಗಾಗಿ ಅದು ಲೆಕ್ಕದ ಒಳಗೆ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಇದ್ದವು, ಹಾಗಾಗಿ ಹೊರಗೆ. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ, ಅದೂ ಹೊರಗೆ. ತುಂಗಭದ್ರೆಯ ಆ ದಂಡೆಯ ಹತ್ತಿ ಜಿನ್ನಿನಲ್ಲಿ ದುಡಿಯುವವನು ಐಎಲ್‌ಒ ಸದಸ್ಯ ದೇಶದ ಕಾರ್ಮಿಕ ಅನ್ನಿಸಿಕೊಂಡರೆ, ಈ ದಂಡೆಯವನಿಗೆ ಆ ಒಡಂಬಡಿಕೆ ತಾನಾಗಿ ಬರಲೇ ಇಲ್ಲ. ಹಟ್ಟಿಯಲ್ಲಿ ಹಿಂದೆ ಬ್ರಿಟಿಷ್ ಕಂಪನಿ ಚಿನ್ನ ತೆಗೆದು ಬಿಟ್ಟು ಹೋಗಿತ್ತು, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾಯಿತು. ನಮ್ಮ ಹಿಂದಿನ ತಲೆಮಾರಿನ ಗಣಿ ಕಾರ್ಮಿಕರಿಗೆ ಈ ಜಿನೀವಾ ಹಕ್ಕುಗಳು ಪೂರ್ತಿಯಾಗಿ ಬಂದದ್ದು ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆಯೇ. ಒಂದೇ ಭಾಷೆ ಆಡುವ, ಒಂದೇ ನೀರು ಕುಡಿಯುವ ಜನ. ನನಗೆ ಇದು ಈಗಲೂ ಸಂಕಟ ಕೊಡುತ್ತದೆ.

ಆದರೂ 60 ತಾಸಿನ ಆ ಅರೆಬರೆ ಮಾತಿನಿಂದಲೇ ಮುಂದಿನದು ಬಂತು. 1921ರಲ್ಲಿ ಭಾರತ ಅದನ್ನು ಅನುಮೋದಿಸಿತು. 1922ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ವಾರಕ್ಕೆ 60, ದಿನಕ್ಕೆ 11 ತಾಸು ಅಂತ ಮಿತಿ ಹಾಕಿದರು. 1923ರ ಗಣಿ ಕಾಯ್ದೆಯಲ್ಲಿ ಮೇಲೆ ಕೆಲಸ ಮಾಡುವವರಿಗೆ 60, ಭೂಮಿಯೊಳಗೆ 54. 1934ರಲ್ಲಿ ಕಾರ್ಖಾನೆಗೂ 54ಕ್ಕೆ ಇಳಿಯಿತು. 1942ರಿಂದ 1946ರವರೆಗೆ ಬಾಬಾಸಾಹೇಬ್ ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ವಾರಕ್ಕೆ 48 ತಾಸು ಆದದ್ದು ಅವರ ಕಾಲದಲ್ಲಿ, 1946ರಲ್ಲಿ. ಸರ್ಕಾರ, ಮಾಲೀಕ, ಕಾರ್ಮಿಕ ಮೂವರೂ ಒಂದೇ ಮೇಜಿಗೆ ಕೂತು ಮಾತಾಡುವ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟಿದ್ದೂ ಆ ಕಾಲದಲ್ಲೇ. ಅದು ಐಎಲ್‌ಒದ ಪದ್ಧತಿ. ಇವತ್ತು ಎಂಟು ತಾಸಿನ ಶಿಫ್ಟ್ ಅಂತ ಸೈರನ್ ಆಗುತ್ತದಲ್ಲ, ಅದರ ಹಿಂದೆ ಇಷ್ಟು ವರ್ಷಗಳ ಜಗ್ಗಾಟ ಇದೆ.

ಇನ್ನೊಂದು ಮಾತು, ಇದು ನನ್ನ ಜೊತೆಗಾರರಿಗಾಗಿ. ಬಂಡೆ ಕೊರೆಯುವವರಿಗೆ, ಕಲ್ಲು ಒಡೆಯುವವರಿಗೆ ದೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಎಕ್ಸ್‌ರೇ ನೋಡಿದ ಡಾಕ್ಟರು ಬಹಳ ಸಲ ಟಿಬಿ ಅಂತ ಬರೆದು ಕಳಿಸುತ್ತಾರೆ. ಟಿಬಿ ಅಂದರೆ ಪರಿಹಾರ ಇಲ್ಲ. 1930ರಲ್ಲಿ ಐಎಲ್‌ಒ ಜೋಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಬಗ್ಗೆಯೇ ಒಂದು ಸಮ್ಮೇಳನ ಮಾಡಿತು. ಆಗಿನಿಂದ ಎದೆಯ ಎಕ್ಸ್‌ರೇಯಲ್ಲಿ ದೂಳಿನ ಕಾಯಿಲೆಯನ್ನು ಹೇಗೆ ಓದಬೇಕು, ಯಾವ ಹಂತ ಅಂತ ಹೇಗೆ ಗುರುತಿಸಬೇಕು ಅನ್ನುವ ಒಂದು ಪದ್ಧತಿ ಬೆಳೆದು ಬಂದಿದೆ. ಅದನ್ನು ಐಎಲ್‌ಒ ವರ್ಗೀಕರಣ ಅಂತಲೇ ಕರೆಯುತ್ತಾರೆ, ನಮ್ಮ ದೇಶದ ಡಾಕ್ಟರುಗಳೂ ಅದನ್ನೇ ಬಳಸುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಗಣಿ, ಕ್ರಷರ್, ಕಲ್ಲಿನ ಕೆಲಸ ಮಾಡಿ ಕೆಮ್ಮುತ್ತಿದ್ದರೆ, ಎಕ್ಸ್‌ರೇಯನ್ನು ಐಎಲ್‌ಒ ಪದ್ಧತಿಯಲ್ಲಿ ಓದಿಸಿ ಅಂತ ಡಾಕ್ಟರರನ್ನು ಕೇಳಿ. ಯಾವ ವರ್ಷ ಎಲ್ಲಿ ಕೆಲಸ ಮಾಡಿದ್ದು ಅಂತಲೂ ಬರೆಸಿ.


ಬಳ್ಳಾರಿ ಹೊಲಿಗೆ ಅಕ್ಕ:

ಹಿರಿಯರ ಮಾತು ಓದಿ ಮನಸ್ಸು ತುಂಬಿತು. ಆದರೆ ಇಲ್ಲಿವರೆಗೂ ಎಲ್ಲರೂ ಗಣಿ, ಕಾರ್ಖಾನೆ ಅಂತಲೇ ಮಾತಾಡಿದ್ದಾರೆ. ನಮ್ಮಂಥವರ ಮಾತೂ ಬರಲಿ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ಕೆಲವು ತಿಂಗಳು ಯೂನಿಟ್‌ನಲ್ಲಿ, ಕೆಲವು ತಿಂಗಳು ಮನೆಗೇ ಕಟ್ಟು ತಂದು. ಪೀಸ್ ಲೆಕ್ಕ. ದಾರ ಕತ್ತರಿಸುವುದು, ಗುಂಡಿ ಹಚ್ಚುವುದು ಮನೆಯ ಹೆಣ್ಣುಮಕ್ಕಳೆಲ್ಲ ಸೇರಿ ಮಾಡುತ್ತೇವೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಮಾಲೀಕ ಯಾರು ಅಂತ ಕೇಳಿದರೆ ಕಟ್ಟು ತಂದು ಕೊಡುವವನ ಮುಖ ಮಾತ್ರ ಗೊತ್ತು. ಕರೆಂಟ್ ಬಿಲ್ಲೂ ನಮ್ಮದೇ, ಮಿಷನ್ ರಿಪೇರಿಯೂ ನಮ್ಮದೇ.

ಮಹಿಳಾ ಸಂಘದ ಸಭೆಯಲ್ಲಿ ಒಮ್ಮೆ ಹೇಳಿದ್ದರು. ಮನೆಯಲ್ಲಿ ಕೂತು ಕೆಲಸ ಮಾಡುವವರೂ ಕಾರ್ಮಿಕರೇ ಅಂತ ಒಪ್ಪುವ ಒಡಂಬಡಿಕೆ ಐಎಲ್‌ಒದಲ್ಲಿ ಇದೆ, 177ನೇದು, 1996ರಲ್ಲಿ ಆದದ್ದು. ಅದು ಆಗಬೇಕು ಅಂತ ವರ್ಷಗಟ್ಟಲೆ ಹೋರಾಡಿದವರಲ್ಲಿ ಮುಂದೆ ನಿಂತಿದ್ದು ನಮ್ಮ ದೇಶದ್ದೇ ಸಂಘ, ಅಹಮದಾಬಾದಿನ ಸೇವಾ, ಇಳಾ ಭಟ್ ಅವರು ಕಟ್ಟಿದ್ದು. ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಹೆಂಗಸರ ಮಾತು ಜಿನೀವಾ ತಲುಪಿ ಒಡಂಬಡಿಕೆ ಆಯಿತು. ನಮ್ಮ ದೇಶ ಮಾತ್ರ ಅದನ್ನು ಇನ್ನೂ ಅನುಮೋದಿಸಿಲ್ಲ. ಮನೆಗೆಲಸದವರ 189ನೇದೂ ಹಾಗೆ, ಕೆಲಸದ ಜಾಗದಲ್ಲಿ ಕಿರುಕುಳ ತಡೆಯುವ 190ನೇದೂ ಹಾಗೆ. ಆ ಮೂರಕ್ಕೂ ಒಂದೇ ವರ್ಷ ಸಹಿ ಹಾಕಿ ಅಂತ ನಾನು ಯಾವ ವೇದಿಕೆ ಸಿಕ್ಕರೂ ಕೇಳುತ್ತೇನೆ.

ಮತ್ತೆ ಮಕ್ಕಳ ವಿಷಯ. ಹೈಬ್ರಿಡ್ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ, ಅಂದರೆ ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ ಇರುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೆರಳು ಸಣ್ಣ, ಎತ್ತರ ಸರಿ ಅಂತ ಹೆಣ್ಣುಮಕ್ಕಳನ್ನೇ ಕರೆಯುತ್ತಿದ್ದರು. ಬೆಳಗ್ಗೆ ಶಾಲೆ ಗಂಟೆ ಹೊಡೆಯುವ ಹೊತ್ತಿಗೆ ಅವರು ಹೊಲದಲ್ಲಿ ಹೂವು ಮುಟ್ಟುತ್ತಿದ್ದರು. ವಕೀಲರು ಹೇಳಿದ 182ರ ಜೊತೆಗೆ, ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸಿನ 138ನೇದಕ್ಕೂ 2017ರಲ್ಲಿ ಭಾರತ ಸಹಿ ಹಾಕಿತು ಅಂದಾಗ ನನಗೆ ಆ ಮಕ್ಕಳೇ ನೆನಪಾದರು. ಅದಕ್ಕೂ ಮೊದಲು 2016ರಲ್ಲಿ ಕಾಯ್ದೆ ತಿದ್ದಿ ಹದಿನಾಲ್ಕು ವರ್ಷದೊಳಗಿನವರನ್ನು ದುಡಿಸುವುದನ್ನು ನಿಷೇಧಿಸಬೇಕಾಯಿತು. ಆದರೆ ಸ್ವಂತ ಕುಟುಂಬದ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ ನೆರವಾಗಬಹುದು ಅಂತ ಒಂದು ಕಿಂಡಿ ಉಳಿಸಿದ್ದಾರೆ. ನನ್ನಂಥ ಮನೆಗಳಲ್ಲಿ ಆ ಕಿಂಡಿ ದೊಡ್ಡ ಬಾಗಿಲೇ ಆಗುತ್ತದೆ.


ಸಂಡೂರು ಹುಡುಗ:

ಎಲ್ಲರಿಗೂ ಧನ್ಯವಾದ. ಹಿರಿಯರೇ, ಸಂಡೂರು ಲೆಕ್ಕದಿಂದ ಹೊರಗಿತ್ತು ಅನ್ನುವುದನ್ನು ನಾನು ಯಾವ ನೋಟ್ಸ್‌ನಲ್ಲೂ ಓದಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಅಕ್ಕಾ, ನಮ್ಮ ಅವ್ವನೂ ಮನೆಯಲ್ಲೇ ಲಂಬಾಣಿ ಕಸೂತಿ ಕೆಲಸ ಮಾಡುತ್ತಾಳೆ, ನಿಮ್ಮ ಮಾತು ಅವಳಿಗೂ ತಾಗಿತು.

ವಕೀಲ ಸರ್, ಈಗ ಎರಡು ಪ್ರಶ್ನೆ ಉಳಿದಿವೆ. ಅಪ್ಪನ ಚೀಟಿಯ ಪ್ರಶ್ನೆ ಒಂದು. ಇನ್ನೊಂದು, ನಮ್ಮಂಥ ಒಬ್ಬ ಮನುಷ್ಯ ಐಎಲ್‌ಒಗೆ ನೇರವಾಗಿ ದೂರು ಬರೆಯಬಹುದಾ?


ರಾಯಚೂರು ವಕೀಲ:

ದೂರಿನ ಮಾತು ಮೊದಲು, ಯಾಕೆಂದರೆ ಗಿಣಿಗೇರಾ ಅಣ್ಣನ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಒಬ್ಬನೇ ಬರೆದರೆ ಅದು ದೂರು ಅಂತ ದಾಖಲಾಗುವುದಿಲ್ಲ. ಸಂಘದ ಮೂಲಕ ಹೋಗಬೇಕು. ದೇಶ ಅನುಮೋದಿಸಿದ ಒಡಂಬಡಿಕೆ ಮುರಿದಿದ್ದರೆ ಐಎಲ್‌ಒ ಸಂವಿಧಾನದ 24ನೇ ವಿಧಿಯ ಕೆಳಗೆ ಕಾರ್ಮಿಕ ಸಂಘ ಅರ್ಜಿ ಹಾಕಬಹುದು. ಸಂಘ ಕಟ್ಟಿದ್ದಕ್ಕೆ ತೊಂದರೆ ಕೊಟ್ಟರೆ ದಾರಿ ಇನ್ನೂ ಅಗಲ. 1951ರಿಂದ ಸಂಘ ಸ್ವಾತಂತ್ರ್ಯದ್ದೇ ಒಂದು ಸಮಿತಿ ಇದೆ. ಆ ದೇಶ 87, 98 ಒಪ್ಪಿರಲಿ ಬಿಡಲಿ, ಸದಸ್ಯ ಆಗಿದ್ದರೆ ಸಾಕು, ಸಮಿತಿ ದೂರು ತೆಗೆದುಕೊಳ್ಳುತ್ತದೆ. ಇದುವರೆಗೆ 3,000ಕ್ಕೂ ಹೆಚ್ಚು ದೂರುಗಳನ್ನು ನೋಡಿದೆ, ಭಾರತದ ಮೇಲಿನವೂ ಅದರಲ್ಲಿವೆ. ಸರ್ಕಾರಿ ನೌಕರರ ಮೇಲೆ ಇರುವ ನಿರ್ಬಂಧಗಳಿಂದಾಗಿ 87, 98ನ್ನು ಒಪ್ಪಲಾಗದು ಅಂತ ನಮ್ಮ ಸರ್ಕಾರ ಹೇಳುತ್ತಾ ಬಂದಿದೆ. ಆ ಕಾರಣ ಈ ಸಮಿತಿಯ ಮುಂದೆ ನಡೆಯುವುದಿಲ್ಲ. ಸೇರುವುದರ ನಿಜವಾದ ತೂಕ ಇದೇ ಅಂತ ನನ್ನ ಅಭಿಪ್ರಾಯ. ಸದಸ್ಯ ಅಲ್ಲದ ದೇಶದ ಕಾರ್ಮಿಕನಿಗೆ ಈ ಬಾಗಿಲೂ ಇಲ್ಲ.

ಪೊಲೀಸ್ ಇಲ್ಲ ಅನ್ನುವುದು ಸರಿ. ಆದರೆ ದೇಶಗಳು ಇದನ್ನು ಹಗುರವಾಗಿ ನೋಡುವುದಿಲ್ಲ. ಮ್ಯಾನ್ಮಾರ್‌ನಲ್ಲಿ ಸೈನ್ಯ ಜನರನ್ನು ಬಿಟ್ಟಿ ದುಡಿಸುತ್ತಿತ್ತು. ಐಎಲ್‌ಒದ ವಿಚಾರಣಾ ಆಯೋಗ ವರದಿ ಕೊಟ್ಟ ಮೇಲೆ 2000ದಲ್ಲಿ ಐಎಲ್‌ಒ ಮೊದಲ ಬಾರಿಗೆ 33ನೇ ವಿಧಿ ಬಳಸಿತು. ಆ ಸರ್ಕಾರದ ಜೊತೆಗಿನ ಸಂಬಂಧ ಮರುಪರಿಶೀಲಿಸಿ ಅಂತ ಎಲ್ಲ ಸದಸ್ಯ ದೇಶಗಳಿಗೂ ಹೇಳಿತು. ವರ್ಣಭೇದ ನೀತಿಯ ಬಗ್ಗೆ ಒತ್ತಡ ಜಾಸ್ತಿ ಆದಾಗ ದಕ್ಷಿಣ ಆಫ್ರಿಕಾ 1960ರ ದಶಕದಲ್ಲಿ ಬಿಟ್ಟೇ ಹೋಯಿತು, ಆ ಆಡಳಿತ ಬಿದ್ದ ಮೇಲೆ 1994ರಲ್ಲಿ ಮರಳಿ ಬಂತು. ಅಮೆರಿಕ 1977ರಲ್ಲಿ ಬಿಟ್ಟು 1980ರಲ್ಲಿ ಮತ್ತೆ ಸೇರಿತು. ಬಿಡಬೇಕಾದರೂ ಎರಡು ವರ್ಷ ಮೊದಲೇ ತಿಳಿಸಬೇಕು, ಅನುಮೋದಿಸಿದ ಒಡಂಬಡಿಕೆಗಳು ಬಿಟ್ಟ ಮೇಲೂ ತಮ್ಮ ಅವಧಿಯವರೆಗೆ ಅಂಟಿಕೊಂಡೇ ಇರುತ್ತವೆ.

ಈಗ ಚೀಟಿಯ ವಿಷಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೆಯ 29 ಕಾಯ್ದೆಗಳ ಬದಲಿಗೆ. ಅವುಗಳಲ್ಲಿ ಹಲವು ಅಂಶಗಳನ್ನು ಕಾರ್ಮಿಕ ಸಂಘಗಳು ವಿರೋಧಿಸುತ್ತಿವೆ, ನನಗೂ ಮುಷ್ಕರದ ನಿಯಮಗಳ ಬಗ್ಗೆ ತಕರಾರಿದೆ. ಆದರೆ ಒಂದು ಒಳ್ಳೆಯದಿದೆ. ಸುರಕ್ಷತಾ ಸಂಹಿತೆಯಲ್ಲಿ ಪ್ರತಿಯೊಬ್ಬ ನೌಕರನಿಗೂ ನೇಮಕ ಪತ್ರ ಕೊಡಲೇಬೇಕು ಅಂತ ಬರೆದಿದ್ದಾರೆ. ನಿಮ್ಮ ಅಪ್ಪನ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಎಲ್ಲರಿಗೂ ಅನ್ವಯ ಆಗುವ ಮಾತು ಕಾಯ್ದೆಯಲ್ಲಿ ಇರಲಿಲ್ಲ, ಗುತ್ತಿಗೆದಾರರು ಅದನ್ನೇ ಬಳಸಿಕೊಂಡರು. ಇವತ್ತು ಯಾರು ಕೆಲಸಕ್ಕೆ ಸೇರಿದರೂ ಮೊದಲ ದಿನವೇ ಪತ್ರ ಕೇಳಿ. ಕೊಡದಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ. ಗಣಿ ಕೆಲಸವಾದರೆ ಅದು ಕೇಂದ್ರದ ವ್ಯಾಪ್ತಿ. ರಾಜ್ಯದ ಕಾರ್ಮಿಕ ಇಲಾಖೆಗೆ ಹೋಗಿ ದಿನ ಕಳೆಯಬೇಡಿ, ಕೇಂದ್ರ ಕಾರ್ಮಿಕ ಆಯುಕ್ತರ ಅಧಿಕಾರಿಗಳಿಗೆ ಕೊಡಿ. ಅಪಘಾತ, ಸುರಕ್ಷತೆಯ ಮಾತಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ. ಖಾಸಗಿ ಕಾರ್ಖಾನೆ, ಹೊಲಿಗೆ ಯೂನಿಟ್ ಆದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿ. ಕೊಟ್ಟ ಅರ್ಜಿಯ ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೇ ಬರಬೇಡಿ.


ಗಿಣಿಗೇರಾ ಗುತ್ತಿಗೆ:

ಸರ್, ಒಪ್ಪದಿದ್ದರೂ ಆ ಸಮಿತಿ ದೂರು ತೆಗೆದುಕೊಳ್ಳುತ್ತದೆ ಅನ್ನುವುದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಸಂಘ ಇದ್ದರೆ ತಾನೆ ದೂರು? ನಮ್ಮದು ನೋಂದಣಿಯೇ ಆಗಿಲ್ಲ. ಒಂದೇ ಗುತ್ತಿಗೆದಾರನ ಕೆಳಗೆ ನಾವು ಇಪ್ಪತ್ತು ಇಪ್ಪತ್ತೈದು ಜನ ಇರುತ್ತೇವೆ, ಅಷ್ಟೇ. ಅಷ್ಟಕ್ಕೆ ಸಂಘ ಆಗುತ್ತದಾ?


ರಾಯಚೂರು ವಕೀಲ:

ಒಬ್ಬ ಗುತ್ತಿಗೆದಾರನ ಕೆಳಗಿನವರು ಅಂತ ಯೋಚನೆ ಮಾಡಬೇಡಿ ಅಣ್ಣಾ. ಅರ್ಜಿಗೆ ಕನಿಷ್ಠ ಏಳು ಜನರ ಸಹಿ ಬೇಕು. ಸದಸ್ಯರು ಅಲ್ಲಿನ ಒಟ್ಟು ಕಾರ್ಮಿಕರಲ್ಲಿ ಶೇಕಡ ಹತ್ತರಷ್ಟು ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಿದ್ದರೆ ಸಾಕು. ಆ ಲೆಕ್ಕವನ್ನು ಒಂದು ಕಾರ್ಖಾನೆಗೂ ಹಿಡಿಯಬಹುದು, ಇಡೀ ಉದ್ಯಮಕ್ಕೂ ಹಿಡಿಯಬಹುದು. ಅಂದರೆ ಕೊಪ್ಪಳದ ಬೇರೆಬೇರೆ ಕಬ್ಬಿಣದ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರು ಎಲ್ಲರೂ ಸೇರಿ ಒಂದೇ ಸಂಘ ನೋಂದಾಯಿಸಬಹುದು. ನೂರು ಹೆಸರು, ಆಧಾರ್ ನಕಲು, ಎಲ್ಲಿ ಕೆಲಸ ಅನ್ನುವುದಕ್ಕೆ ಗೇಟ್ ಪಾಸ್ ಅಥವಾ ಪಗಾರ ಚೀಟಿ, ಏನಿದ್ದರೆ ಅದು. ಸಂಘದ ನಿಯಮಾವಳಿ ನಾನು ಬರೆದುಕೊಡುತ್ತೇನೆ, ಫೀಸು ಬೇಡ.


ಗಿಣಿಗೇರಾ ಗುತ್ತಿಗೆ:

ಕೆಲಸ ಹೋದವರನ್ನು ಬಿಟ್ಟು ಲೆಕ್ಕ ಹಾಕಿದರೂ ನಮ್ಮ ಸುತ್ತಲಿನ ಕಾರ್ಖಾನೆಗಳಲ್ಲಿ ನೂರು ದಾಟುತ್ತಾರೆ ಸರ್. ಪಟ್ಟಿ ಶುರು ಮಾಡುತ್ತೇನೆ. ಮುಂದಿನ ಭಾನುವಾರ ಇಬ್ಬರು ಹುಡುಗರನ್ನು ಕರೆದುಕೊಂಡು ರಾಯಚೂರಿಗೆ ಬರುತ್ತೇನೆ, ಬೆಳಗ್ಗೆ ಎಷ್ಟು ಹೊತ್ತಿಗೆ ಸಿಗುತ್ತೀರಿ ಹೇಳಿ.